ಕಂಬದಡಿಯ ಉದ್ದರಿ

ಹತ್ತು ವರ್ಷದ ಮೇಲೆ ಪುಣೆಯ ಹಿಂಜವಾಡಿಗೆ ಹೋದೆ. ಆಫೀಸು ಕೆಲಸ ಅಂತ ಮನೆಯಲ್ಲಿ ಹೇಳಿದ್ದು. ಅಸಲಿಗೆ ಐಟಿ ಪಾರ್ಕಿನ ಫೇಸ್ ಒಂದರ ಬೇವಿನ ಮರದಡಿಯ ಟಪರಿಯಲ್ಲಿ ಒಂದು ಕಟಿಂಗ್ ಚಹಾ ಕುಡಿಯಲಿಕ್ಕೆ. ಧಾರವಾಡ, ಬೆಳಗಾವಿ ಕಡೆಯ ನಮ್ಮ ಹುಡುಗರ ಕನ್ನಡ ಸಂಘ ನಡೆಯುತ್ತಿದ್ದುದು ಅಲ್ಲೇ. ಅಧ್ಯಕ್ಷರಿಲ್ಲ, ಚಂದಾ ಇಲ್ಲ, ಬರೀ ಉದ್ದರಿ. ಟಪರಿಯ ಕಾಕಾ ಲೋಟದ ತಳದಿಂದಲೇ ಶುಂಠಿ ಜಜ್ಜಿ, ನಮ್ಮ ಲೆಕ್ಕವನ್ನು ಕ್ಯಾಲೆಂಡರಿನ ಬೆನ್ನಿಗೆ ಬರೆಯುತ್ತಿದ್ದರು.

ವಾಕಡ್ ಸೇತುವೆಯ ಹತ್ತಿರ ಟ್ರಾಫಿಕ್ಕು ಹಳೆಯ ಗೆಳೆಯನಂತೆ ನನ್ನ ಗುರುತು ಹಿಡಿದು, ಒಂದು ತಾಸು ಕೈಬಿಡಲಿಲ್ಲ. ಗುರುತು ಹಿಡಿದದ್ದು ಅದೊಂದೇ. ಬೇವಿನ ಮರವಿಲ್ಲ, ಟಪರಿಯಿಲ್ಲ. ಶಿವಾಜಿನಗರಕ್ಕೆ ಸುಮಾರು 23 ಕಿ.ಮೀ. ಉದ್ದದ ಮೆಟ್ರೊ ಮಾರ್ಗದ ಕಂಬ ನಿಂತಿದೆ. ಈ ಮಾರ್ಗಕ್ಕಾಗಿ 2020ರಲ್ಲಿ ವಿದ್ಯಾಪೀಠ ಚೌಕದ ಮೇಲ್ಸೇತುವೆಯನ್ನೇ ಕೆಡವಿದ್ದಾರೆ; ನಮ್ಮ ಟಪರಿ ಯಾವ ಲೆಕ್ಕ!

ಕಾವಲಿನವನನ್ನು ಮರಾಠಿಯಲ್ಲಿ ವಿಚಾರಿಸಿದೆ. ನನ್ನ ಮರಾಠಿ ಕೇಳಿದ್ದೇ ಅವನು ಕನ್ನಡಕ್ಕಿಳಿದ.

“ಸಾಹೇಬ್ರ, ನಾ ಬಂದು ಆರ ತಿಂಗಳಾತ್ರಿ. ಇಲ್ಲಿ ಹಳೇದು ಅಂದ್ರ ನಂಗ ಗೊತ್ತಿರೂದು ಈ ಕಂಬ ಒಂದs.”

ಕ್ಯಾಲೆಂಡರಿನ ಬೆನ್ನ ಮೇಲೆ ನನ್ನ ಹೆಸರಿಗೆ 38 ರೂಪಾಯಿ ಬಾಕಿಯಿತ್ತು. ಕಂಬದ ಸುತ್ತ ಒಂದು ಸುತ್ತು ಬಂದೆ. ಎಲ್ಲೂ ಕ್ಯೂಆರ್ ಕೋಡ್ ಅಂಟಿಸಿರಲಿಲ್ಲ.