ಎದುರು ಮನೆಯ ಕಂದಾಯ

ಬೆಂಗಳೂರಿನ ಹಳೆಯ ಬಡಾವಣೆ ಯಾವುದನ್ನೇ ತೆಗೆದುಕೊಳ್ಳಿ, ಅಲ್ಲೊಬ್ಬ ತಕರಾರು ರಾಯರು ಇದ್ದೇ ಇರುತ್ತಾರೆ. ಹೆಸರು ಬೇರೆ ಇದ್ದೀತು, ಬ್ಯಾಂಕಿನಿಂದಲೋ ಎಚ್‌ಎಎಲ್‌ನಿಂದಲೋ ಏಜೀಸ್ ಆಫೀಸಿನಿಂದಲೋ ನಿವೃತ್ತರಾಗಿದ್ದಾರು. ಕಂಕುಳಲ್ಲಿರುವ ಫೈಲು ಮಾತ್ರ ಎಲ್ಲರದೂ ಒಂದೇ. ಕಂದಾಯದ ರಸೀದಿಗಳು ವರ್ಷವಾರು, ಅವುಗಳ ಹಿಂದೆ ತಕರಾರು ಅರ್ಜಿಗಳು ತಾರೀಖುವಾರು, ಪ್ರತಿ ಅರ್ಜಿಯ ಮೇಲೂ ಟಪಾಲು ವಿಭಾಗದ ಸ್ವೀಕೃತಿ ಸೀಲು. ಸೀಲು ಅರ್ಧ ಬಿದ್ದಿದ್ದರೆ ಎದುರಿಗೇ ನಿಂತು ಇನ್ನೊಮ್ಮೆ ಹೊಡೆಸಿಕೊಂಡಿರುತ್ತಾರೆ. ಇವರ ವಿಷಯದಲ್ಲಿ ಬಡಾವಣೆ ಎರಡು ಪಕ್ಷವಾಗಿದೆ. ಇವರು ಜುಗ್ಗ ಎಂದು ಒಂದು ಪಕ್ಷ, ಇವರಂಥವರು ಇರುವುದರಿಂದಲೇ ಪಾಲಿಕೆಗೆ ಒಂದಿಷ್ಟು ಹೆದರಿಕೆ ಇದೆ ಎಂದು ಇನ್ನೊಂದು. ಎರಡೂ ಪಕ್ಷದವರು ರಾಯರನ್ನು ಸರಿಯಾಗಿ ಓದಿಲ್ಲವೆಂದು ನನಗೆ ತೋರುತ್ತದೆ. ತಮ್ಮ ಕಂದಾಯ ಇಷ್ಟಾಯಿತೆಂದು ಅವರಿಗೆ ಅಂಥ ದುಃಖವೇನೂ ಇಲ್ಲ. ಎದುರು ಮನೆಯವರದು ಅಷ್ಟೇ ಆಯಿತಲ್ಲ ಎಂಬುದು ಅವರ ನಿಜವಾದ ಸಂಕಟ.

ಹಿಂದೆ ಈ ಸಂಕಟಕ್ಕೆ ಆಸ್ಪದವಿರಲಿಲ್ಲ. ಕಂದಾಯದ ಇನ್‌ಸ್ಪೆಕ್ಟರು ಮನೆಗೆ ಬಂದು, ಗೋಡೆ ನೋಡಿ, ಈ ಮನೆಗೆ ಎಷ್ಟು ಬಾಡಿಗೆ ಬಂದೀತು ಎಂದು ಮನಸ್ಸಿನಲ್ಲೇ ಅಂದಾಜು ಮಾಡಿ ಬರೆದುಕೊಂಡು ಹೋಗುತ್ತಿದ್ದರು. ಅವರು ಬರುವ ಸುದ್ದಿ ತಿಳಿದ ಮನೆಯಲ್ಲಿ ಹೊಸ ಸೋಫಾ ಒಳಕೋಣೆ ಸೇರುತ್ತಿತ್ತು. ಕಾಫಿ ಕೊಟ್ಟಾದ ಮೇಲೆ ತಾರಸಿ ಸೋರುವ ಜಾಗವನ್ನು ಮುತುವರ್ಜಿಯಿಂದ ತೋರಿಸಲಾಗುತ್ತಿತ್ತು. ಜಗಳವೋ ರಾಜಿಯೋ, ಎದುರಿಗೆ ಒಬ್ಬ ಮನುಷ್ಯನಿದ್ದ. 2000ದಲ್ಲಿ ಸ್ವಯಂ ಘೋಷಣೆ ಬಂತು. 2008ರಲ್ಲಿ ಇಡೀ ಊರನ್ನು ಮಾರ್ಗಸೂಚಿ ದರದ ಪ್ರಕಾರ ಎ ಇಂದ ಎಫ್‌ವರೆಗೆ ಆರು ವಲಯ ಮಾಡಿ, ಚದರಡಿಗೆ ಇಷ್ಟೆಂದು ದರ ಕಟ್ಟಿದರು. ಮನೆ ಅಳೆಯುವವರು ಮಾಲೀಕರು, ವಲಯ ಬರೆಯುವವರು ಮಾಲೀಕರು, ಲೆಕ್ಕ ಹಾಕಿ ಕೆಳಗೆ ಸಹಿ ಮಾಡುವವರೂ ಮಾಲೀಕರೇ. ಎಂದರೆ ರಾಯರ ಮನೆಗೆ ಕಂದಾಯ ಗೊತ್ತುಮಾಡಿದ ಅಧಿಕಾರಿ ಸಾಕ್ಷಾತ್ ರಾಯರು. ಈಗ ತಕರಾರು ಹಾಕುವುದಾದರೂ ಯಾರ ಮೇಲೆ? ಪ್ರತಿವಾದಿಯಿಲ್ಲದೆ ವ್ಯಾಜ್ಯ ನಡೆಯದು. ರಾಯರು ಕಿಟಕಿಯ ಪರದೆ ಸರಿಸಿದರು. ಎದುರು ಮನೆ ಕಾಣಿಸಿತು.

ಜುಗ್ಗತನದ ಆರೋಪವನ್ನು ಮೊದಲು ವಿಚಾರಿಸೋಣ, ಏಕೆಂದರೆ ಅದನ್ನು ಕೂಡಿ ಕಳೆದು ಪರೀಕ್ಷಿಸಬಹುದು. ರಾಯರದು ಹತ್ತು ಚದರದ ಮನೆ, 1,000 ಚದರಡಿ ಎಂದಿಟ್ಟುಕೊಳ್ಳಿ. 2008ರ ಪಟ್ಟಿಯ ಪ್ರಕಾರ ಸ್ವಂತ ವಾಸದ ಆರ್‌ಸಿಸಿ ಮನೆಗೆ ಬಿ ವಲಯದಲ್ಲಿ ಚದರಡಿಗೆ ತಿಂಗಳಿಗೆ 2 ರೂಪಾಯಿ, ಸಿ ವಲಯದಲ್ಲಿ 1 ರೂಪಾಯಿ 80 ಪೈಸೆ. ಬಿ ವಲಯವಾದರೆ ಹತ್ತು ತಿಂಗಳಿಗೆ 20,000, ಅದರಲ್ಲಿ ಶೇ 20 ತೆರಿಗೆ, ಅಂದರೆ 4,000, ಅದರ ಮೇಲೆ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಸೆಸ್ ಎಂದು ಶೇ 24, ಒಟ್ಟು 4,960. ಸಿ ವಲಯವಾದರೆ 4,464. ವಲಯದ ಗೆರೆ ರಸ್ತೆಯ ನಡುವೆ ಹಾದು ರಾಯರು ಬಿ ಕಡೆ, ಎದುರು ಮನೆಯವರು ಸಿ ಕಡೆ ಸೇರಿದರೆ ವರ್ಷಕ್ಕೆ ಬೀಳುವ ಅಂತರ 496 ರೂಪಾಯಿ. ಅದೂ ಕಟ್ಟಡದ ಸವಕಳಿ ಕಳೆಯುವ ಮುನ್ನ. ಈ 496 ರೂಪಾಯಿಯ ಸಲುವಾಗಿ ರಾಯರು ಖರ್ಚು ಮಾಡುವ ಆಟೋ ಬಾಡಿಗೆ, ಜೆರಾಕ್ಸು, ಸ್ಪೀಡ್ ಪೋಸ್ಟು ಕೂಡಿಸಿ ನೋಡಿ. ಜುಗ್ಗನಾದವನು ಮೊದಲ ಆಟೋ ಹತ್ತುವ ಮೊದಲೇ ಕೇಸು ಬಿಟ್ಟುಬಿಡುತ್ತಿದ್ದ. ಮೇಲಾಗಿ ರಾಯರು ಬಾಕಿದಾರರಲ್ಲ. ಏಪ್ರಿಲ್‌ನಲ್ಲಿ ಪೂರ್ತಿ ಕಟ್ಟಿದವರಿಗೆ ಶೇ 5 ರಿಯಾಯಿತಿ ಉಂಟಷ್ಟೆ. ಆನ್‌ಲೈನ್‌ನಲ್ಲಿ ಕಿಂಡಿ ತೆರೆದ ದಿನವೇ ಅವರು ಕಟ್ಟಿ ಮುಗಿಸಿ ರಸೀದಿ ಪ್ರಿಂಟು ತೆಗೆಸುತ್ತಾರೆ. ತಿಂಗಳ ಕೊನೆಗೆ ಪಾಲಿಕೆ ರಿಯಾಯಿತಿಯ ಗಡುವು ವಿಸ್ತರಿಸಿತೆನ್ನಿ, ಆಗ ಅವರ ಮುಖ ನೋಡಬೇಕು. ಅವರ ರಿಯಾಯಿತಿಯಲ್ಲಿ ಒಂದು ಪೈಸೆ ಕಡಿಮೆಯಾಗಿಲ್ಲ. ಆದರೆ ಎದುರು ಮನೆಯವರು ಜೂನ್‌ನಲ್ಲಿ ನಿದ್ದೆ ತಿಳಿದೆದ್ದು ಅದೇ ಶೇ 5 ಪಡೆದರಲ್ಲ!

ಹಾಗಿದ್ದರೆ ಇದು ನ್ಯಾಯನಿಷ್ಠೆಯೇ ಅಲ್ಲವೇ, ಎಂದು ಅವರ ಅಭಿಮಾನಿಗಳು ಕೇಳಬಹುದು. ನ್ಯಾಯನಿಷ್ಠರು ಕಾನೂನನ್ನು ಪೂರ್ತಿ ಓದುತ್ತಾರೆ. ರಾಯರೂ ಪೂರ್ತಿ ಓದುತ್ತಾರೆ, ನಿಜ. ಆದರೆ ಅರ್ಜಿಯಲ್ಲಿ ಅರ್ಧವನ್ನು ಮಾತ್ರ ಬರೆಯುತ್ತಾರೆ. ವರ್ಷದ ಹನ್ನೆರಡು ತಿಂಗಳೂ ಮನೆಯಲ್ಲೇ ಇದ್ದು ಹತ್ತು ತಿಂಗಳ ಲೆಕ್ಕಕ್ಕೆ ಮಾತ್ರ ಕಂದಾಯ ಕಟ್ಟುತ್ತಿರುವ ಸಂಗತಿ ಅವರ ಯಾವ ಅರ್ಜಿಯಲ್ಲೂ ಇಲ್ಲ. ಸ್ವಂತ ವಾಸದ ದರ ಬಾಡಿಗೆ ಮನೆಯ ದರದ ಅರ್ಧ ಎಂಬುದೂ ಇಲ್ಲ. ಈ ಅರ್ಧದ ಮಹಿಮೆಯಿಂದ ನಗರದಲ್ಲಿ ಎಷ್ಟು ಬಾಡಿಗೆದಾರರು ಮನೆ ಮಾಲೀಕರ ಅಕ್ಕನ ಮಕ್ಕಳಾಗಿದ್ದಾರೆ ಎಂಬುದು ಬೇರೆ ಸಂಶೋಧನೆಯ ವಿಷಯ. ರಾಯರ ಮಹಡಿ ಮೇಲಿರುವ ಹುಡುಗ ಕಲಬುರಗಿಯವನು. ಅವನ ಜತೆ ಇವರದು ಯಾವ ಕಡೆಯ ನೆಂಟಸ್ತನವೆಂದು ಎದುರು ಮನೆಯವರು ಒಮ್ಮೆ ಕೇಳಿದ್ದರಿಂದಲೇ ಪರಸ್ಪರ ಮಾತು ನಿಂತದ್ದೆಂದು ಬೀದಿಯ ನಂಬಿಕೆ. ಇನ್ನು ಮನೆ ಮಾರುವ ಮಾತು ಬಂದರೆ ಕೇಳುವುದೇ ಬೇಡ. ಪಾಲಿಕೆಯ ಮುಂದೆ ಮೋರಿ ವಾಸನೆ, ಕಿರಿದಾದ ರಸ್ತೆ, ಮಳೆ ಬಂದರೆ ಮೊಣಕಾಲುದ್ದ ನೀರು ಎಂದು ಬಣ್ಣಿಸಲ್ಪಟ್ಟ ಅದೇ ನಿವೇಶನ ದಲ್ಲಾಳಿಯ ಮುಂದೆ ಮೆಟ್ರೋಗೆ ನಡೆದು ಹೋಗುವಷ್ಟು ಹತ್ತಿರದ, ಪೂರ್ವಾಭಿಮುಖದ, ಕಾವೇರಿ ನೀರಿನ ಅಪೂರ್ವ ಆಸ್ತಿಯಾಗಿಬಿಡುತ್ತದೆ. ಮಾರ್ಗಸೂಚಿ ದರ ಏರಿದ ದಿನ ರಾಯರಿಗೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಮಗನಿಗೆ ಫೋನು ಮಾಡಿ ನಗುತ್ತಾರೆ, ಪಾಲಿಕೆಗೆ ಅರ್ಜಿ ಬರೆದು ಅಳುತ್ತಾರೆ. ಇದನ್ನು ಆಷಾಢಭೂತಿತನ ಎನ್ನಲು ನನಗೆ ಮನಸ್ಸಿಲ್ಲ. ಮಾರಾಟಕ್ಕೊಂದು, ನೋಂದಣಿಗೊಂದು, ಕಂದಾಯಕ್ಕೊಂದು ಎಂದು ಒಂದೇ ಮನೆಗೆ ಮೂರು ಬೆಲೆ ಇಟ್ಟುಕೊಳ್ಳುವ ಸಂಪ್ರದಾಯವನ್ನು ರಾಯರೇನೂ ಹುಟ್ಟುಹಾಕಲಿಲ್ಲ.

ಅಂಗಡಿಯವರಲ್ಲೂ ರಾಯರ ಅವತಾರವಿದೆ, ಆದರೆ ಅಲ್ಲಿ ಫೈಲು ತೆಳು, ಮಾತು ಜೋರು. ವಸತಿಯೇತರ ದರ ವಸತಿಯ ದರಕ್ಕಿಂತ ಬಹಳ ಹೆಚ್ಚಾದ್ದರಿಂದ ಮನೆ ಮುಂದಿನ ಕಾರ್ ಷೆಡ್ಡು ಷಟರು ಎತ್ತಿದಾಗ ಅಂಗಡಿ, ಇಳಿಸಿದಾಗ ಷೆಡ್ಡು. ಬೆಸ್ಕಾಂನವರ ಮೀಟರು ಮಾತ್ರ ಷಟರು ಇಳಿದಿದ್ದರೂ ವಾಣಿಜ್ಯದ್ದೆಂದೇ ಸಾಕ್ಷಿ ಹೇಳಿ ಕೆಡಿಸುತ್ತದೆ. ನೋಟೀಸು ಬಂದಾಗ ಇವರು ತಮ್ಮದು ಅಂಗಡಿಯಲ್ಲವೆಂದು ವಾದಿಸುವುದಿಲ್ಲ. ಪಕ್ಕದ ಬೇಕರಿಗೆ ಏಕೆ ನೋಟೀಸು ಬರಲಿಲ್ಲ ಎನ್ನುತ್ತಾರೆ. ತಕರಾರಿನ ಜೀವಾಳ ಅಲ್ಲೂ ಇದೇ.

ಪಾಲಿಕೆ ತಪ್ಪೇ ಮಾಡುವುದಿಲ್ಲವೇ ಎಂಬ ಪ್ರಶ್ನೆ ಉಳಿದಿದೆ, ಅದು ತೂಕದ ಪ್ರಶ್ನೆ. ಮಾಡುತ್ತದೆ, ದೊಡ್ಡ ಪ್ರಮಾಣದಲ್ಲೇ ಮಾಡುತ್ತದೆ. 2016ರಲ್ಲಿ ದರ ಹೆಚ್ಚಿಸಿ ವಲಯಗಳನ್ನು ಹೊಸದಾಗಿ ಹಂಚಿದರು. ಬಹಳ ಮಂದಿ ಹಳೆಯ ವಲಯವನ್ನೇ ತುಂಬಿದರು; ಆನ್‌ಲೈನ್ ವ್ಯವಸ್ಥೆ ಅದನ್ನು ಚಕಾರವೆತ್ತದೆ ಒಪ್ಪಿ ರಸೀದಿ ಕೊಟ್ಟಿತು. ವರ್ಷಗಳು ಕಳೆದ ಮೇಲೆ, 2021ರಲ್ಲಿ, ನೀವು ತಪ್ಪು ವಲಯ ಘೋಷಿಸಿದ್ದೀರಿ ಎಂದು ಸಾವಿರಾರು ಮನೆಗಳಿಗೆ ನೋಟೀಸು ಹೊರಟಿತು. ವ್ಯತ್ಯಾಸ ಶೇ 5 ಮೀರಿದರೆ ಅದರ ಎರಡರಷ್ಟು ದಂಡ, ಮೇಲೆ ಬಡ್ಡಿ ಎಂಬುದು ಆಗಿನ ನಿಯಮ. ಐದು ವರ್ಷ ಹಣ ಎಣಿಸಿಕೊಂಡು ಸುಮ್ಮನಿದ್ದವರು ಆಮೇಲೆ ಕೊಟ್ಟವನನ್ನೇ ಕಳ್ಳನೆಂದರೆ ತಕರಾರು ಹಾಕುವುದು ಹಕ್ಕು ಮಾತ್ರವಲ್ಲ, ಕರ್ತವ್ಯ. ರಾಯರ ಸುವರ್ಣಯುಗ ಅದು. ವರ್ಷವಿಡೀ ಅವರನ್ನು ಕಂಡರೆ ರಸ್ತೆ ದಾಟುತ್ತಿದ್ದವರು ನೋಟೀಸು ಹಿಡಿದು ಅವರ ಜಗಲಿಯಲ್ಲಿ ಸಾಲುಗಟ್ಟಿದರು. ಎಲ್ಲರ ಅರ್ಜಿಯನ್ನೂ ರಾಯರೇ ಬರೆದುಕೊಟ್ಟರು, ಕಾಸು ಮುಟ್ಟಲಿಲ್ಲ, ಸೀಲು ಹಾಕಿಸುವ ಕ್ರಮವನ್ನೂ ಹೇಳಿಕೊಟ್ಟರು. ಬಡಾವಣೆಯಲ್ಲಿ ಇಂಥವರೊಬ್ಬರು ಇರಲೇಬೇಕೆಂದು ನಾನು ಒಪ್ಪುವುದು ಈ ಕಾರಣಕ್ಕೆ. ಕೊನೆಗೆ ದಂಡವನ್ನೂ ಬಡ್ಡಿಯನ್ನೂ ಬಿಟ್ಟು, ವ್ಯತ್ಯಾಸದ ಹಣ ಕಟ್ಟಿದರೆ ಸಾಕೆಂದು ಸರ್ಕಾರ ಇಳಿದು ಬಂತು. ಬೀದಿಗೆ ಬೀದಿಯೇ ನಿಟ್ಟುಸಿರು ಬಿಟ್ಟಿತು. ರಾಯರೊಬ್ಬರಿಗೆ ನಿರಾಸೆ. ತಾವು ಅಷ್ಟು ಕಷ್ಟಪಟ್ಟು ಬರೆದ ಅರ್ಜಿಗೂ, ನೋಟೀಸನ್ನು ಓದದೆ ಟಿವಿ ಮೇಲೆ ಇಟ್ಟು ಮರೆತ ಎದುರು ಮನೆಯವರ ಆಲಸ್ಯಕ್ಕೂ ಫಲ ಒಂದೇ ಆಯಿತಲ್ಲ!

ನನ್ನ ವಾದಕ್ಕೆ ಇನ್ನೂ ಸಾಕ್ಷಿ ಬೇಕೆನ್ನುವವರು 2024ನ್ನು ನೆನಪಿಸಿಕೊಳ್ಳಬೇಕು. ಹಳೆಯ ಬಾಕಿದಾರರಿಗೆ ಬಡ್ಡಿ ಮನ್ನಾ ಮಾಡಿ, ಅಸಲು ಕಟ್ಟಿಸಿಕೊಳ್ಳಲು ಒಂದು ಬಾರಿಯ ಇತ್ಯರ್ಥ ಯೋಜನೆ ಬಂತು. ಜುಲೈ ಗಡುವೆಂದರು, ಮುಂದೆ ಹಾಕಿದರು. ಒಂದು ರೂಪಾಯಿ ಬಾಕಿಯಿಲ್ಲದ ರಾಯರಿಗೆ ಅದರಿಂದ ನಷ್ಟವೂ ಇಲ್ಲ, ಲಾಭವೂ ಇಲ್ಲ. ಜುಗ್ಗನಾಗಿದ್ದರೆ ಅವರು ಸುಮ್ಮನಿರಬೇಕಿತ್ತು. ಅವರು ಬರೆದದ್ದು ತಮ್ಮ ಜೀವಮಾನದ ಅತಿ ಉದ್ದದ ಅರ್ಜಿ. ವರ್ಷಾನುವರ್ಷ ಕಟ್ಟದವನಿಗೆ ಬಡ್ಡಿ ಬಿಡುವುದಾದರೆ ಮೊದಲ ದಿನವೇ ಕಟ್ಟಿದವನಿಗೆ ಬಡ್ಡಿ ಕೊಡಬೇಕಲ್ಲವೇ ಎಂದು ಅದರಲ್ಲಿ ಕೇಳಿದ್ದರು. ಪ್ರಶ್ನೆ ತರ್ಕಬದ್ಧವಾಗಿಯೇ ಇದೆ. ಅದಕ್ಕೇ ಉತ್ತರ ಬರಲಿಲ್ಲವೆಂದು ಕಾಣುತ್ತದೆ.

2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯೇ ಒಡೆದು ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ಐದಾಯಿತು. ಗಡಿಯೆಂದ ಮೇಲೆ ಯಾವುದೋ ರಸ್ತೆಯ ನಡುವೆ ಹಾಯಲೇಬೇಕು, ಆ ರಸ್ತೆಯಲ್ಲೂ ಒಬ್ಬ ರಾಯರು ಇರಲೇಬೇಕು. ಅವರೀಗ ಒಂದು ಪಾಲಿಕೆಯಲ್ಲಿ, ಎದುರು ಮನೆಯವರು ಇನ್ನೊಂದರಲ್ಲಿ. ಹೋಲಿಕೆ ಮಾಡಬೇಕೆಂದರೆ ಎರಡು ಕಡೆ ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕು, ಎರಡಕ್ಕೂ ಹತ್ತು ಹತ್ತು ರೂಪಾಯಿ ಶುಲ್ಕ ಕಟ್ಟಬೇಕು. ಆಡಳಿತವನ್ನು ಜನರ ಬಳಿಗೆ ತರುವ ಹೆಸರಿನಲ್ಲಿ ಎದುರು ಮನೆಯನ್ನು ದೂರ ಮಾಡಿದರು ಎಂದು ರಾಯರು ಗೊಣಗುತ್ತಾರಾದರೂ, ಆ ಇನ್ನೊಂದು ಪಾಲಿಕೆಯ ಟಪಾಲು ವಿಭಾಗ ಯಾವ ಮಹಡಿಯಲ್ಲಿದೆ, ಊಟಕ್ಕೆ ಎಷ್ಟು ಹೊತ್ತಿಗೆ ಏಳುತ್ತಾರೆ ಎಂಬುದನ್ನು ಈಗಾಗಲೇ ವಿಚಾರಿಸಿಕೊಂಡಿದ್ದಾರೆ.