ಹಳೆ ಮಾರುತಿಯ ಮಾಸ್ಟರ್ ಸಿಲಿಂಡರ್ ಮೀಮಾಂಸೆ

(ಆರು ಅಂಗಗಳಲ್ಲಿ, ಸೂತ್ರ ಹಾಗೂ ಭಾಷ್ಯಸಹಿತ)

ವಿಷಯ

ಕಾರು ಓಡುವುದರ ಬಗ್ಗೆ ಲೋಕದಲ್ಲಿ ಚರ್ಚೆ ಬೇಕಾದಷ್ಟಿದೆ. ನಿಲ್ಲುವುದರ ಬಗ್ಗೆ ಇಲ್ಲ. ಮೈಲೇಜು, ಪಿಕಪ್ಪು, ಏಸಿ, ಮರುಮಾರಾಟದ ಬೆಲೆ ಎಂಬ ಚತುರ್ವಿಧ ಪುರುಷಾರ್ಥಗಳನ್ನು ಕಾರು ಕೊಳ್ಳುವವರೆಲ್ಲ ವಿಚಾರಿಸುತ್ತಾರೆ. ಬ್ರೇಕನ್ನು ವಿಚಾರಿಸುವುದು ಅದು ಹಿಡಿಯದೆ ಹೋದಾಗ. ಆಗ ವಿಚಾರಕ್ಕೆ ಪುರುಸೊತ್ತು ಇರುವುದಿಲ್ಲ. ವಿದ್ವತ್ ಲೋಕದ ಈ ಕೊರತೆಯನ್ನು ನೀಗಿಸಲು ಪ್ರಸ್ತುತ ಪ್ರಬಂಧ ಹೊರಟಿದೆ.

ಅಧ್ಯಯನಕ್ಕೆ ಆರಿಸಿಕೊಂಡ ಆಕರ ಮಾರುತಿ 800. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿ ಮೊದಲ ಗಿರಾಕಿಯ ಕೈಗೆ ಕೀಲಿ ಕೊಟ್ಟಲ್ಲಿಂದ ಶುರುವಾದ ಈ ಪರಂಪರೆ 2014ರ ಜನವರಿಯಲ್ಲಿ ತಯಾರಿಕೆ ನಿಲ್ಲುವುದರೊಂದಿಗೆ ಮುಗಿಯಿತು. ಹಾಗಾಗಿ ಈ ವಂಶದ ಕಟ್ಟಕಡೆಯ ಕುಡಿಗೂ ಈಗ ಹತ್ತು ದಾಟಿದೆ. ಹಿರಿಯರು ಹದಿನೈದು ತುಂಬಿಸಿ, ಆರ್‌ಟಿಒ ಅಂಗಳದಲ್ಲಿ ನೋಂದಣಿ ನವೀಕರಿಸಿಕೊಂಡು, ಐದೈದು ವರ್ಷದ ಕಂತಿನಲ್ಲಿ ಆಯುಷ್ಯ ಪಡೆಯುತ್ತಿದ್ದಾರೆ.

ಈ ಕಾರಿನ ಬಾನೆಟ್ ಎತ್ತಿ, ಡ್ರೈವರ್ ಎದುರಿನ ತಗಡಿನ ಗೋಡೆಯ ಕಡೆ ನೋಡಿದರೆ, ತಲೆಯ ಮೇಲೊಂದು ಪ್ಲಾಸ್ಟಿಕ್ ಡಬ್ಬಿ ಹೊತ್ತ ಗೇಣುದ್ದದ ಲೋಹದ ಕೊಳವೆ ಕಾಣುತ್ತದೆ. ಅದೇ ಮಾಸ್ಟರ್ ಸಿಲಿಂಡರ್. ಒಳಗೆ ಒಂದರ ಹಿಂದೊಂದು ಎರಡು ಪಿಸ್ಟನ್. ಒಂದರ ದಾರಿ ಕೈಕೊಟ್ಟರೆ ಇನ್ನೊಂದು ಅರ್ಧ ಬ್ರೇಕನ್ನಾದರೂ ಉಳಿಸಲಿ ಎಂಬ ವಿವೇಕ ಇದರ ಹಿಂದಿದೆ. ಪಿಸ್ಟನ್ನುಗಳ ಕೊರಳಿಗೆ ರಬ್ಬರಿನ ಪುಟ್ಟ ಬಟ್ಟಲುಗಳು. ಗ್ಯಾರೇಜಿನಲ್ಲಿ ಇವಕ್ಕೆ ಬಕೆಟ್ ವಾಷರ್ ಎನ್ನುತ್ತಾರೆ. ಈ ಪ್ರಬಂಧದ ನಿಜವಾದ ನಾಯಕ ಈ ವಾಷರ್. ಉಳಿದವರೆಲ್ಲ ಪೋಷಕ ಪಾತ್ರಗಳು, ಕಾರಿನ ಮಾಲೀಕನೂ ಸೇರಿದಂತೆ.

ಇದರ ತತ್ತ್ವವನ್ನು ಹೇಳಿದವನು ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್. ಅವನು ತೀರಿಕೊಂಡದ್ದು 1662ರಲ್ಲಿ. ದ್ರವಗಳ ಮೇಲಿನ ಗ್ರಂಥ ಅಚ್ಚಾದದ್ದು ಮರುವರ್ಷ. ಮುಚ್ಚಿಟ್ಟ ದ್ರವದ ಮೇಲೆ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬುದು ಅದರ ಸಾರ. ಲೆಕ್ಕ ಹೀಗೆ: ಕಾಲು 20 ಕೆ.ಜಿ. ಭಾರ ಹಾಕಿತು ಎನ್ನಿ. ಪೆಡಲಿನ ಸನ್ನೆ ಅದನ್ನು ನಾಲ್ಕು ಪಟ್ಟು ಮಾಡಿದರೆ 80 ಕೆ.ಜಿ. ಸಿಲಿಂಡರಿನ ಒಳವ್ಯಾಸ ಮುಕ್ಕಾಲು ಇಂಚಾದರೆ ಚದರ ಸೆಂಟಿಮೀಟರಿಗೆ ಸುಮಾರು 28 ಕೆ.ಜಿ. ಒತ್ತಡ ಹುಟ್ಟುತ್ತದೆ. ಮುಂದಿನ ಚಕ್ರದಲ್ಲಿ 18 ಚದರ ಸೆಂಟಿಮೀಟರಿನ ಪಿಸ್ಟನ್ ಇದ್ದರೆ ಅದು 500 ಕೆ.ಜಿ. ಬಲದಿಂದ ಡಿಸ್ಕನ್ನು ಹಿಡಿಯುತ್ತದೆ. ದೇವರಿದ್ದಾನೆ ಎಂದು ನಂಬುವುದೇ ಲಾಭದ ಬಾಜಿ ಎಂದು ವಾದಿಸಿದವನೂ ಇದೇ ಪ್ಯಾಸ್ಕಲ್. ಹಳೆ ಕಾರಿನವರು ಅವನ ಮೊದಲ ಸಿದ್ಧಾಂತ ಕೈಕೊಟ್ಟ ಕ್ಷಣದಲ್ಲಿ ಎರಡನೆಯದಕ್ಕೆ ದಾಟಿಕೊಳ್ಳುತ್ತಾರೆ.

ಸಂಶಯ

ಸೂತ್ರ: ಶನೈಃ ಪತತಿ ಪೆಡಲಃ.

ಭಾಷ್ಯ: ಪೆಡಲ್ ಮೆಲ್ಲಗೆ ಬೀಳುತ್ತದೆ. ಎಲ್ಲಿ? ಸಿಗ್ನಲ್ಲಿನಲ್ಲಿ. ಕೆಂಪು ದೀಪ ಬಿದ್ದಿದೆ, ಕಾಲು ಹಗುರಾಗಿ ಬ್ರೇಕಿನ ಮೇಲಿದೆ, ರಸ್ತೆ ಸ್ವಲ್ಪ ಇಳಿಜಾರು. ಹಿಡಿದಿದ್ದ ಪೆಡಲ್ ಕಾಲಿನಡಿಯಲ್ಲೇ ಕುಸಿಯುತ್ತಾ ಹೋಗುತ್ತದೆ. ಮುಂದಿನ ಆಟೋದ ಹಿಂಬದಿಯ ಬರಹ ಓದಬಹುದಾದಷ್ಟು ಹತ್ತಿರ ಬರುತ್ತದೆ. ‘ಮೆಲ್ಲಗೆ’ ಎಂಬುದೇ ಇಲ್ಲಿ ಮುಖ್ಯ. ಒತ್ತಿದಾಗ ಸ್ಪಂಜಿನಂತೆ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ. ಮೊದಲ ಒತ್ತಿಗೆ ಕೆಳಗೆ ಹೋಗಿ, ಎರಡನೆಯದಕ್ಕೆ ಮೇಲೆ ಸಿಕ್ಕಿ ಅಲ್ಲೇ ಗಟ್ಟಿಯಾಗಿ ನಿಂತರೆ ಹಿಂದಿನ ಡ್ರಮ್ಮಿನ ಬ್ರೇಕ್ ಶೂ ಸವೆದು ಅಡ್ಜಸ್ಟ್‌ಮೆಂಟ್ ಬೇಡುತ್ತಿದೆ. ಒಂದೇ ಸಮನೆ ಒತ್ತಿ ಹಿಡಿದಾಗ ನಿಧಾನವಾಗಿ ಇಳಿದರೆ ಮಾತ್ರ ಸಂಶಯ ಮಾಸ್ಟರ್ ಸಿಲಿಂಡರಿನ ಮೇಲೆ.

ಈಗ ಪ್ರಮಾಣಗಳ ವಿಚಾರ. ಪ್ರತ್ಯಕ್ಷವಾಗಿ ನೋಡಿದರೆ ಏನೂ ಕಾಣುವುದಿಲ್ಲ. ಅನುಮಾನಕ್ಕೆ ಬೆಟ್ಟದ ಮೇಲಿನ ಹೊಗೆಯೇ ಶಾಸ್ತ್ರೀಯ ಉದಾಹರಣೆ. ಆಗುಂಬೆಯ 14 ತಿರುವುಗಳನ್ನು ಬ್ರೇಕ್ ಮೇಲೆಯೇ ಇಳಿದವರಿಗೆ ಬೆಟ್ಟದ ಬದಲು ಚಕ್ರದಲ್ಲೇ ಹೊಗೆ ಕಾಣುತ್ತದೆ. ಆದರೆ ಅದು ಬೇರೆ ರೋಗ. ಡಾಟ್ 3 ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಗಾಳಿಯಿಂದ ನೀರು ಹೀರುತ್ತಾ ಹಳತಾದಾಗ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದ್ದರೆ ಆವಿ, ಆವಿಯಾದರೆ ಪೆಡಲ್ ಖಾಲಿ. ಉಪಮಾನ ಪ್ರಮಾಣವನ್ನು ‘ನಮ್ಮ ಭಾವನ ಕಾರಿಗೂ ಹಿಂಗೇ ಆಗಿತ್ತು’ ಎಂಬವರು ಒದಗಿಸುತ್ತಾರೆ. ಭಾವನದು ಡೀಸೆಲ್ ಜೀಪು ಎಂಬುದು ಆಮೇಲೆ ತಿಳಿಯುತ್ತದೆ. ಆಪ್ತವಾಕ್ಯಕ್ಕೂ ಬರವಿಲ್ಲ: ಬಾನೆಟ್ ಎತ್ತಿದ ಕಾರಿನ ಸುತ್ತ ಒಂದು ನಿಮಿಷದೊಳಗೆ ನೆರೆಯುವವರೆಲ್ಲ ಆಪ್ತರೇ.

ಅತ್ಯಂತ ಅಪಾಯಕಾರಿ ಪ್ರಮಾಣ ಅನುಪಲಬ್ಧಿ. ‘ಡಬ್ಬಿಯಲ್ಲಿ ಆಯಿಲ್ ಇಳಿದಿಲ್ಲ, ನೆಲದ ಮೇಲೆ ತೊಟ್ಟು ಬಿದ್ದಿಲ್ಲ, ಆದ್ದರಿಂದ ಲೀಕ್ ಇಲ್ಲ’ ಎಂಬುದು ಇದರ ರೂಪ. ಇದಕ್ಕೆ ಉತ್ತರ:

ಸೂತ್ರ: ಅಂತಃಸ್ರಾವೇ ಬಹಿರ್ನ ಬಿಂದುಃ.

ಭಾಷ್ಯ: ಒಳಗೆ ಸೋರುವಾಗ ಹೊರಗೆ ಹನಿಯಿಲ್ಲ. ಬಕೆಟ್ ವಾಷರಿನ ಅಂಚು ಸವೆದಾಗ, ಚಕ್ರದ ಕಡೆ ಹೋಗಬೇಕಾದ ಆಯಿಲ್ ಅಂಚನ್ನು ದಾಟಿ ಹಿಂದಕ್ಕೆ ನುಸುಳಿ ಮತ್ತೆ ಡಬ್ಬಿಗೇ ಸೇರುತ್ತದೆ. ಖರ್ಚಿಲ್ಲದ ವ್ಯವಹಾರ. ಇನ್ನು ಡಬ್ಬಿಯಲ್ಲಿ ಆಯಿಲ್ ಇಳಿಯುತ್ತಿದ್ದು ಚಕ್ರಗಳೂ ನೆಲವೂ ಒಣಗಿದ್ದರೆ ಅರ್ಥಾಪತ್ತಿಯನ್ನು ಕರೆಯಬೇಕು. ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲ ಎಂದರೆ ರಾತ್ರಿ ಉಣ್ಣುತ್ತಾನೆಂದು ಅರ್ಥ. ಇಲ್ಲಿ ರಾತ್ರಿಯೂಟ ಸಿಲಿಂಡರಿನ ಹಿಂಬದಿಯಲ್ಲಿ ನಡೆದಿರುತ್ತದೆ. ಕಾಲಿನ ಒತ್ತಿಗೆ ಬಲ ಸೇರಿಸುವ ಬೂಸ್ಟರ್ ಇರುವ ಕಾರಿನಲ್ಲಿ ಆಯಿಲ್ ಅದರ ಹೊಟ್ಟೆ ಸೇರಿ, ಎಂಜಿನ್ನಿಗೆ ಎಳೆಯಲ್ಪಟ್ಟು, ಸೈಲೆನ್ಸರಿನಲ್ಲಿ ಬಿಳಿಹೊಗೆಯಾಗುತ್ತದೆ. ಬೂಸ್ಟರ್ ಇಲ್ಲದ ಕಾರಿನಲ್ಲಿ ಡ್ರೈವರಿನ ಮ್ಯಾಟ್ ಒದ್ದೆಯಾಗುತ್ತದೆ. ಒದ್ದೆ ಚಪ್ಪಲಿಗೆ ಮಳೆಯನ್ನು ಬೈದವರ ಪರಂಪರೆ ದೊಡ್ಡದು.

ಪೂರ್ವಪಕ್ಷ

ಇಲ್ಲಿ ಮೂರು ಮತಗಳು ಎದುರಾಗುತ್ತವೆ.

ಮೊದಲನೆಯವರು ಪಂಪ್‌ವಾದಿಗಳು. (ಆದಿಕವಿಗೂ ಇವರಿಗೂ ಸಂಬಂಧವಿಲ್ಲ.) ಇವರ ಏಕೈಕ ಸೂತ್ರ: ಪಂಪನಾತ್ ಪ್ರಾಪ್ತಿಃ. ‘ಎರಡ್ ಸಲ ಹೊಡಿರಿ, ಹಿಡಿಯುತ್ತೆ.’ ಹಿಡಿಯುತ್ತದೆ ಎಂಬುದು ಸುಳ್ಳಲ್ಲ. ರಭಸದಿಂದ ಒತ್ತಿದಾಗ ವಾಷರಿನ ಅಂಚು ಒತ್ತಡಕ್ಕೆ ಅರಳಿ ಗೋಡೆಗೆ ಅಂಟುತ್ತದೆ. ಮೆಲ್ಲಗೆ ಒತ್ತಿದರೆ ಅಂಟುವುದಿಲ್ಲ. ಈ ಮತದ ಬಲವಿರುವುದು ಈ ಅರ್ಧಸತ್ಯದಲ್ಲಿ. ಪಂಪ್‌ವಾದಿ ತನ್ನ ಕಾರನ್ನು ಬೇರೆಯವರಿಗೆ ಕೊಡುವಾಗ ಕೀಲಿಯ ಜೊತೆ ಮಂತ್ರೋಪದೇಶವನ್ನೂ ಮಾಡುತ್ತಾನೆ: ‘ಮೊದಲು ಎರಡು ಹೊಡೆದು, ಮೂರನೇದಕ್ಕೆ ನಿಲ್ಲಿಸಿ.’ ರೋಗವನ್ನು ವಾಸಿಮಾಡುವ ಬದಲು ಅದರ ಜೊತೆ ಒಪ್ಪಂದ ಮಾಡಿಕೊಳ್ಳುವ ಈ ದರ್ಶನಕ್ಕೆ ನಮ್ಮಲ್ಲಿ ಅನುಯಾಯಿಗಳು ಎಷ್ಟಿದ್ದಾರೆಂದರೆ, ಸೋರುವ ನಲ್ಲಿಯ ಕೆಳಗೆ ಬಕೆಟ್ ಇಟ್ಟ ಮನೆಗಳಲ್ಲೆಲ್ಲ ಒಬ್ಬೊಬ್ಬ ಆಚಾರ್ಯ ಸಿಗುತ್ತಾನೆ.

ಎರಡನೆಯವರು ಕಿಟ್‌ವಾದಿಗಳು. ಸವೆದದ್ದು ರಬ್ಬರ್ ತಾನೇ, ರಬ್ಬರನ್ನಷ್ಟೇ ಬದಲಿಸಿ ಎನ್ನುತ್ತಾರೆ. ಅಗ್ಗದ ಮತವಾದ್ದರಿಂದ ಜನಪ್ರಿಯ.

ಮೂರನೆಯವರು ಗುಜರಿವಾದಿಗಳು. ಬೆಂಗಳೂರಿನಲ್ಲಿ ಇವರ ಪೀಠ ಶಿವಾಜಿನಗರ. ಕಾರು ಸತ್ತರೂ ಬಿಡಿಭಾಗಗಳು ಮತ್ತೊಂದು ದೇಹವನ್ನು ಹೊಕ್ಕು ಬಾಳುತ್ತವೆ ಎಂಬ ಪುನರ್ಜನ್ಮ ಸಿದ್ಧಾಂತ ಇವರದು. ಬಾಗಿಲು, ಬಂಪರ್, ಹೆಡ್‌ಲೈಟುಗಳ ಮಟ್ಟಿಗೆ ಇದನ್ನು ಒಪ್ಪಬಹುದು.

ಸಿದ್ಧಾಂತ

ಸೂತ್ರ: ಜೀರ್ಣೇ ಬೋರೇ ಕಿಟ್ಟೇನ ಕಿಮ್.

ಭಾಷ್ಯ: ಬೋರ್ ಹಾಳಾದ ಮೇಲೆ ಕಿಟ್ಟಿನಿಂದೇನು? ನೀರು ಹೀರಿದ ಹಳೆ ಆಯಿಲ್ ಕೊಳವೆಯ ಒಳಗೋಡೆಯನ್ನು ತಿಂದು ಸಣ್ಣ ಸಣ್ಣ ಗುಳಿ ತೋಡಿರುತ್ತದೆ. ಹೊಸ ರಬ್ಬರ್ ಆ ಗುಳಿಗಳ ಮೇಲೆ ಓಡಾಡಿ ಬೇಗನೆ ಹರಿದುಹೋಗುತ್ತದೆ. ಗೋಡೆ ಕನ್ನಡಿಯಷ್ಟು ನುಣುಪಿದ್ದರೆ ಕಿಟ್ ಶಾಸ್ತ್ರಸಮ್ಮತ. ಬೆರಳಿಗೆ ಒರಟು ಸಿಕ್ಕಿದರೆ ಇಡೀ ಅಸೆಂಬ್ಲಿಯೇ ಗತಿ. ಗುಜರಿಯ ಸಿಲಿಂಡರಂತೂ ಒಣಗಿದ ರಬ್ಬರನ್ನೂ ಹಿಂದಿನ ಜನ್ಮದ ಕರ್ಮವನ್ನೂ ಒಟ್ಟಿಗೆ ತರುತ್ತದೆ. ಇನ್ನೊಬ್ಬನ ಕಾರನ್ನು ನಿಲ್ಲಿಸದೆ ಹೋದದ್ದೇ ಅದು ಗುಜರಿ ಸೇರಲು ಕಾರಣವೂ ಆಗಿರಬಹುದು.

ಅಸೆಂಬ್ಲಿ ಸಿಗುವ ಕ್ಷೇತ್ರ ಜೆ.ಸಿ. ರೋಡ್. ರವೀಂದ್ರ ಕಲಾಕ್ಷೇತ್ರ ಇರುವುದೂ ಇದೇ ರಸ್ತೆಯಲ್ಲಾದ್ದರಿಂದ ಸಂಭಾಷಣೆಗೆ ರಂಗಭೂಮಿಯ ಹದ ತಾನಾಗಿ ಬರುತ್ತದೆ.

‘ಒರಿಜಿನಲ್ಲಾ, ಲೋಕಲ್ಲಾ?’

‘ಒರಿಜಿನಲ್ ಕೊಡಿ. ಏನ್ ವ್ಯತ್ಯಾಸ?’

‘ಮಾಲ್ ಒಂದೇ ಸಾರ್, ಡಬ್ಬಿ ಬೇರೆ.’

ಅದ್ವೈತದ ಈ ಪ್ರತಿಪಾದನೆಗೆ ಮರುಳಾಗದೆ, ಬಿಚ್ಚಿದ ಹಳೆಯದನ್ನು ಸ್ಯಾಂಪಲ್ಲಾಗಿ ಪಕ್ಕದಲ್ಲಿಟ್ಟು, ಪೈಪ್ ಕೂರುವ ತೂತು, ಬೋಲ್ಟಿನ ಅಂತರ, ಬೂಸ್ಟರ್ ಇರುವುದೋ ಇಲ್ಲದ್ದೋ ಎಂಬುದನ್ನೆಲ್ಲ ತಾಳೆ ನೋಡುವುದು ಪಾಠಶೋಧನೆಯ ಮೊದಲ ನಿಯಮ.

ಪ್ರಯೋಗ

ಮೊದಲು ಡಬ್ಬಿಯ ಹಳೆ ಆಯಿಲನ್ನು ಸಿರಿಂಜಿನಿಂದ ಎಳೆಯಬೇಕು. ಸುತ್ತ ಬಟ್ಟೆ ಹಾಸಬೇಕು, ಏಕೆಂದರೆ ಬ್ರೇಕ್ ಆಯಿಲ್ ಬಿದ್ದಲ್ಲಿ ಪೇಂಟ್ ಎದ್ದು ಬರುತ್ತದೆ. ಬಿದ್ದರೆ ಒರೆಸುತ್ತಾ ಕೂರದೆ ನೀರು ಸುರಿಯಬೇಕು.

ಆಮೇಲೆ ಪೈಪಿನ ನಟ್ಟು. ಅದರ ಅಳತೆ 10. ಇಡೀ ಶಾಸ್ತ್ರದಲ್ಲಿ ಗರ್ವಭಂಗದ ಪ್ರಸಂಗ ಇರುವುದು ಇಲ್ಲೇ. ಬಾಯಿ ಸಡಿಲವಾದ ಹತ್ತು-ಹನ್ನೊಂದರ ಸ್ಪ್ಯಾನರ್ ಹಾಕಿ ಎಳೆದರೆ, ತುಕ್ಕು ಹಿಡಿದ ನಟ್ಟು ತಿರುಗುವುದಿಲ್ಲ, ಅದರ ಆರು ಮೂಲೆಗಳು ಮಾತ್ರ ಮಾಯವಾಗಿ ಗುಂಡಗಾಗುತ್ತದೆ. ಇನ್ನೂ ಬಲ ಹಾಕಿದರೆ ನಟ್ಟು ತನ್ನ ಜೊತೆ ಪೈಪನ್ನೂ ತಿರುಚಿಕೊಂಡು ತಿರುಗುತ್ತದೆ. ಸಿಲಿಂಡರ್ ಕೆಲಸ ಪೈಪ್ ಕೆಲಸವಾಗಿ ಬೆಳೆಯುತ್ತದೆ. ನಟ್ಟನ್ನು ಸುತ್ತಲಿಂದ ಅಪ್ಪುವ, ಪೈಪ್ ತೂರಲು ಒಂದು ಕಡೆ ಸೀಳಿರುವ ರಿಂಗ್ ಸ್ಪ್ಯಾನರ್ ಇದಕ್ಕೆಂದೇ ಇದೆ. ಅದು ಪಕ್ಕದ ಗ್ಯಾರೇಜಿನವರ ಹತ್ತಿರ ಇರುತ್ತದೆ.

ಗೋಡೆಯ ಎರಡು ನಟ್ಟು ಬಿಚ್ಚಿದರೆ ಹಳೆಯದು ಕೈಗೆ ಬರುತ್ತದೆ. ಹೊಸದನ್ನು ನೇರ ಕೂರಿಸಬಾರದು. ವೈಸಿಗೆ ಕಚ್ಚಿಸಿ, ಡಬ್ಬಿಗೆ ಆಯಿಲ್ ತುಂಬಿ, ಹೊರತೂತುಗಳಿಂದ ಸಣ್ಣ ಟ್ಯೂಬುಗಳನ್ನು ಡಬ್ಬಿಯ ಆಯಿಲಿನೊಳಕ್ಕೇ ಮುಳುಗಿಸಿ, ಪಿಸ್ಟನ್ನನ್ನು ಮೆಲ್ಲಗೆ ಒತ್ತಿ ಬಿಡುತ್ತಿದ್ದರೆ ಒಳಗಿನ ಗಾಳಿ ಗುಳ್ಳೆಗಳಾಗಿ ಬರುತ್ತದೆ. ಗುಳ್ಳೆ ನಿಂತ ಮೇಲೆಯೇ ಕಾರಿಗೆ.

ಕೂರಿಸುವಾಗ ಪಿಸ್ಟನ್ನನ್ನು ತಳ್ಳುವ ಪುಷ್‌ರಾಡಿನ ಉದ್ದ ನೋಡಬೇಕು. ಕಾಲು ತೆಗೆದಾಗ ಒತ್ತಡ ಡಬ್ಬಿಗೆ ಮರಳಲು ಕೊಳವೆಯಲ್ಲೊಂದು ಸೂಜಿಮೊನೆಯಷ್ಟು ಸಣ್ಣ ತೂತಿದೆ. ಪುಷ್‌ರಾಡ್ ಕೂದಲೆಳೆ ಉದ್ದವಾದರೂ ವಾಷರ್ ಆ ತೂತನ್ನು ಮುಚ್ಚಿಕೊಂಡೇ ಇರುತ್ತದೆ. ಆಗ ಬಿಸಿಗೆ ಹಿಗ್ಗಿದ ಆಯಿಲಿಗೆ ದಾರಿಯಿಲ್ಲದೆ ಬ್ರೇಕ್ ತಾನಾಗಿಯೇ ಹಿಡಿದುಕೊಳ್ಳುತ್ತದೆ. ನಿಲ್ಲದ ಕಾರು ಈಗ ಕದಲದ ಕಾರಾಗುತ್ತದೆ. ಹಾಗಾಗಿ ಪೆಡಲಿಗೆ ಸ್ವಲ್ಪ ಪ್ಲೇ ಬಿಡಲೇಬೇಕು.

ಕೊನೆಗೆ ಏರ್ ತೆಗೆಯುವ ವಿಧಿ. ಸೂತ್ರ: ದೂರಾದಾರಭ್ಯ ಸಮೀಪಾಂತಮ್. ಸಿಲಿಂಡರ್ ಇರುವುದು ಬಲ ಮುಂಭಾಗದಲ್ಲಿ, ಆದ್ದರಿಂದ ಸಾಮಾನ್ಯ ಕ್ರಮ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಚಕ್ರದ ಬ್ಲೀಡರ್ ನಿಪ್ಪಲ್ಲಿಗೆ ಪಾರದರ್ಶಕ ಟ್ಯೂಬು, ಟ್ಯೂಬಿನ ತುದಿ ಆಯಿಲ್ ಇರುವ ಬಾಟಲಿಯಲ್ಲಿ. ಮೇಸ್ತ್ರಿ ಚಕ್ರದ ಬಳಿ ಕುಕ್ಕರಗಾಲಿನಲ್ಲಿ, ಮಾಲೀಕ ಸೀಟಿನಲ್ಲಿ.

‘ಹೊಡಿರಿ ಸಾರ್... ಹೊಡಿರಿ... ಹಿಡ್ಕೊಳ್ಳಿ!’

‘ಹಿಡಿದಿದೀನಿ ಮೇಸ್ತ್ರಿ.’

ನಿಪ್ಪಲ್ ಬಿಚ್ಚುತ್ತದೆ, ಪೆಡಲ್ ಇಳಿಯುತ್ತದೆ, ಟ್ಯೂಬಿನಲ್ಲಿ ಟೀ ಬಣ್ಣದ ಆಯಿಲಿನ ಜೊತೆ ಗುಳ್ಳೆಗಳು ಸಾಲಾಗಿ ಓಡುತ್ತವೆ.

‘ಬಿಡಬೇಡಿ... ಟೈಟ್ ಮಾಡ್ತೀನಿ... ಈಗ ಬಿಡಿ.’

ನಿಪ್ಪಲ್ ಮುಚ್ಚುವ ಮೊದಲೇ ಕಾಲೆತ್ತಿದ ಮಾಲೀಕ ಹೋದ ಗಾಳಿಯನ್ನೆಲ್ಲ ವಾಪಸು ಕರೆಸಿಕೊಳ್ಳುತ್ತಾನೆ. ನಡುವೆ ಡಬ್ಬಿ ಖಾಲಿಯಾಗಲು ಬಿಟ್ಟರೂ ಅದೇ ಫಲ. ಹಳೆ ಸಿಲಿಂಡರನ್ನೇ ಇಟ್ಟುಕೊಂಡು ಏರ್ ತೆಗೆಯುವವರು ಪೆಡಲಿನಡಿ ಒಂದು ಮರದ ತುಂಡಿಡಬೇಕು. ಇಲ್ಲದಿದ್ದರೆ ನಿತ್ಯ ಅರ್ಧ ದಾರಿ ಓಡಾಡುತ್ತಿದ್ದ ವಾಷರ್ ಅಂದು ಪೂರ್ತಿ ದೂರ ಹೋಗಿ, ಕಾಲಿಡದ ಜಾಗದ ತುಕ್ಕಿಗೆ ಉಜ್ಜಿ ಹರಿಯುತ್ತದೆ. ‘ನೀವು ಕೈ ಹಾಕಿದ ಮೇಲೇ ಹೋಗಿದ್ದು’ ಎನ್ನುವ ಮಾಲೀಕ, ‘ಮೊದಲೇ ಹೋಗಿತ್ತು ಸಾರ್’ ಎನ್ನುವ ಮೇಸ್ತ್ರಿ ಇಬ್ಬರ ಮಾತೂ ನಿಜವಾಗುವ ಅಪರೂಪದ ವ್ಯಾಜ್ಯ ಇದು.

ಪಂಪ್‌ವಾದಕ್ಕೆ ಶಾಸ್ತ್ರದ ಮಾನ್ಯತೆ ಸಿಗುವುದು ಈ ವಿಧಿಯಲ್ಲಿ ಮಾತ್ರ, ಅದೂ ಕಾರು ನಿಂತಿರುವಾಗ ಎಂಬುದನ್ನು ಗಮನಿಸಬೇಕು.

ಫಲ

ಸೂತ್ರ: ಸಿಲಿಂಡರೋ ನವಃ, ಪಾದಃ ಪುರಾತನಃ.

ಭಾಷ್ಯ: ಸಿಲಿಂಡರ್ ಹೊಸದು, ಕಾಲು ಹಳೆಯದು. ಗ್ಯಾರೇಜಿನಿಂದ ಹೊರಟ ಕಾರು ಮೊದಲ ತಿರುವಿಗೆ ಬರುತ್ತದೆ. ಮಾಲೀಕ ಅಭ್ಯಾಸಬಲದಿಂದ ಎರಡು ಹೊಡೆದು ಮೂರನೆಯದಕ್ಕೆ ನಿಲ್ಲಿಸಲು ಹೋಗುತ್ತಾನೆ. ಮೊದಲನೆಯದಕ್ಕೇ ಕಾರು ಗಕ್ಕನೆ ನಿಲ್ಲುತ್ತದೆ. ಪಕ್ಕದ ಸೀಟಿನವರು ಡ್ಯಾಶ್‌ಬೋರ್ಡಿನ ಗಣಪತಿಗೆ ಹಣೆ ಮುಟ್ಟಿಸುತ್ತಾರೆ, ಹಿಂದಿನ ಸ್ಕೂಟರಿನವನು ಮಾಲೀಕನ ಕುಲಗೋತ್ರ ವಿಚಾರಿಸುತ್ತಾನೆ. ‘ಬ್ರೇಕ್ ಜಾಸ್ತಿ ಹಿಡೀತಿದೆ ಮೇಸ್ತ್ರಿ, ಸ್ವಲ್ಪ ಕಮ್ಮಿ ಮಾಡಿ’ ಎಂದು ಫೋನ್ ಬರುವುದು ಆಮೇಲೆ. ಸರಿಯಾದದ್ದನ್ನೇ ದೋಷವೆಂದು ದೂರುವ ಈ ಸ್ಥಿತಿಗೆ ಬಿಡಿಭಾಗ ಜೆ.ಸಿ. ರೋಡಿನಲ್ಲೂ ಸಿಗುವುದಿಲ್ಲ, ಶಿವಾಜಿನಗರದಲ್ಲೂ ಇಲ್ಲ. ಮೇಸ್ತ್ರಿಗಳ ಸಂಪ್ರದಾಯದಲ್ಲಿ ಇದಕ್ಕೊಂದೇ ಉತ್ತರ: ‘ಎರಡು ದಿನ ಓಡಿಸಿ ಸಾರ್, ಸರಿಹೋಗುತ್ತೆ.’ ಆ ಎರಡು ದಿನದಲ್ಲಿ ಸರಿಹೋಗುವುದು ಕಾರಲ್ಲವೆಂದು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಬಿಲ್ ಇನ್ನೂ ಬಾಕಿ ಇರುತ್ತದೆ.