ಕೆಂಚನಿಗೆ ಸೋಮವಾರ ರಜೆ

ಕೆಂಚನ ತೋಳಿನಲ್ಲಿ ಉಳಿದಿರುವ ಕಸುವು ಶೇಕಡಾ 61. ರಾತ್ರಿ ಹನ್ನೆರಡಕ್ಕೆ ಐದು ನಿಮಿಷವಿದೆ. ಹನ್ನೆರಡಕ್ಕೆ ಆಟ ಶುರು. ಡಬ್ಲಿನ್ನಿನ ಪಶ್ಚಿಮಕ್ಕಿರುವ ಲೂಕನ್ನಿನಲ್ಲಿ, ನಮ್ಮ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಫೋನು ಹಿಡಿದು ಕೂತು, ಇವನನ್ನು ಇವತ್ತು ಇಳಿಸಲೋ ಬೇಡವೋ ಎಂದು ಹಣೆ ಉಜ್ಜಿಕೊಳ್ಳುತ್ತಿದ್ದೇನೆ. ಮೆಟ್ಟಿಲೇ ಯಾಕೆಂದರೆ, ವೈಫೈ ಸರಿಯಾಗಿ ಸಿಗುವುದು ಅಲ್ಲೊಂದೇ ಕಡೆ. ಹೆಂಡತಿಯ ಕಣ್ಣಿಗೆ ಬೀಳದಿರುವುದೂ ಅಲ್ಲೊಂದೇ ಕಡೆ.

ಕೆಂಚ ಯಾರೆಂದು ತಲೆ ಕೆಡಿಸಿಕೊಳ್ಳಬೇಡಿ, ಅವನು ಹುಟ್ಟಿಯೇ ಇಲ್ಲ. ಆನ್‌ಲೈನಿನ ಒಂದು ಬೇಸ್‌ಬಾಲ್ ಮ್ಯಾನೇಜರ್ ಆಟದಲ್ಲಿ ನನ್ನ ತಂಡಕ್ಕೆ ಚೆಂಡೆಸೆಯುವವನು. ಕಂಪ್ಯೂಟರು ಅವನಿಗೆ ಏನೋ ಉದ್ದದ ಹೆಸರಿಟ್ಟಿದೆ. ಕೆಂಪು ಕೂದಲು ನೋಡಿ ನಾನು ಕೆಂಚ ಅಂದೆ. ಲಾಕ್‌ಡೌನಿನಲ್ಲಿ ಅಮೆರಿಕದ ಸಹೋದ್ಯೋಗಿಯೊಬ್ಬ ಹಚ್ಚಿಸಿದ ಚಟ ಇದು. ಇದರಲ್ಲಿ ಬ್ಯಾಟು ಬೀಸುವಂತಿಲ್ಲ, ಓಡುವಂತಿಲ್ಲ. ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು ಎಂದು ಪಟ್ಟಿ ಬರೆದಿಟ್ಟರೆ ಮುಗಿಯಿತು. ಆಡುವುದು ಕಂಪ್ಯೂಟರು, ಸೋಲುವುದು ನಾವು. ರಾಣೆಬೆನ್ನೂರಿನಲ್ಲಿ ಚಿಣ್ಣಿದಾಂಡು ಆಡಿ ಬೆಳೆದವನಿಗೆ ಬೇಸ್‌ಬಾಲಿನ ಗಂಧ ಎಲ್ಲಿಂದ ಬರಬೇಕು? ಆದರೆ ಪಟ್ಟಿ ಬರೆಯುವುದು ನಮ್ಮ ರಕ್ತದಲ್ಲೇ ಇದೆ. ಯಾರದೇ ಮದುವೆಯಾಗಲಿ, ಯಾರು ಪಲ್ಯ ಬಡಿಸಬೇಕು, ಯಾರು ನೀರು ಹಾಕಬೇಕು ಎಂದು ಎರಡು ತಿಂಗಳು ಮೊದಲೇ ಕೂತು ಬರೆದವರ ವಂಶ ನಮ್ಮದು.

ಅಮೆರಿಕದ ದೊಡ್ಡ ಲೀಗಿನಲ್ಲಿ ಒಂದು ತಂಡ ವರ್ಷಕ್ಕೆ 162 ಪಂದ್ಯ ಆಡುತ್ತದೆ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಹೆಚ್ಚುಕಡಿಮೆ ದಿನಾ ಆಟ. ಚೆಂಡೆಸೆಯುವವನ ಭುಜ ಮಾತ್ರ ದಿನಾ ಕೆಲಸ ಮಾಡುವುದಿಲ್ಲ. ಒಮ್ಮೆ ಎಸೆದರೆ ನಾಲ್ಕು ದಿನ ಸುಮ್ಮನೆ ಕೂರಬೇಕು. ಅದಕ್ಕೇ ಐವರು ಸರದಿಯಲ್ಲಿರುತ್ತಾರೆ. ಹಾಗಾಗಿ ಆಟದ ಅರ್ಧ ಮರ್ಮ ಇರುವುದು ಹೊಡೆತದಲ್ಲಲ್ಲ, ದಣಿವಿನಲ್ಲಿ.

ನನ್ನ ಆಟದಲ್ಲಿ ಎಡವಟ್ಟಾಗುವುದೂ ಅಲ್ಲೇ. ಪಂದ್ಯವಿದ್ದ ದಿನ ಬೆಂಚಿನ ಮೇಲೆ ಕೂತರೆ ಮಾತ್ರ ಆಟಗಾರನ ದಣಿವು ಇಳಿಯುತ್ತದೆ. ಪಂದ್ಯವೇ ಇಲ್ಲದ ದಿನ ಅವನು ಹೊದ್ದು ಮಲಗಿದರೂ ಅದು ವಿಶ್ರಾಂತಿಯಲ್ಲ. ಆ ದಿನ ಕಂಪ್ಯೂಟರು ಲೆಕ್ಕದ ಪುಸ್ತಕವನ್ನೇ ತೆರೆಯುವುದಿಲ್ಲ. ಎಂಟನೇ ಇನ್ನಿಂಗ್ಸಿನಲ್ಲಿ ಒಬ್ಬನನ್ನು ಒಂದೇ ಒಂದು ಚೆಂಡಿಗೆ ಬ್ಯಾಟು ಕೊಟ್ಟು ಕಳಿಸಿದರೆ, ಪೂರ್ತಿ ಪಂದ್ಯ ಆಡಿದಷ್ಟೇ ದಣಿವು ಅವನ ಖಾತೆಗೆ. ನೂರಕ್ಕೂ ಹೆಚ್ಚು ಚೆಂಡುಗಳಿಗೆ ಕುಕ್ಕರುಗಾಲಿನಲ್ಲಿ ಕೂತು ಏಳುವ ಕ್ಯಾಚರನಿಗೂ, ದೂರದ ಹುಲ್ಲಿನಲ್ಲಿ ನಿಂತು ಆಕಳಿಸುವವನಿಗೂ ಒಂದೇ ಅಳತೆ. ಇಪ್ಪತ್ತೊಂದರ ಹುಡುಗನೂ ಮೂವತ್ತೆಂಟರ ಯಜಮಾನನೂ ಒಂದೇ ವೇಗದಲ್ಲಿ ಚೇತರಿಸಿಕೊಳ್ಳುತ್ತಾರೆ. ನನಗೆ ನಲವತ್ತಮೂರು. ಮೊನ್ನೆ ಬಸ್ಸು ಹಿಡಿಯಲು ಓಡಿದ್ದಕ್ಕೆ ಮೂರು ದಿನ ಮಂಡಿಗೆ ಎಣ್ಣೆ ಹಚ್ಚಿಕೊಂಡವನು, ಈ ಲೆಕ್ಕವನ್ನು ಹೇಗೆ ಒಪ್ಪಲಿ?

ಎಲ್ಲಕ್ಕಿಂತ ಚೆಂದದ ತೂತು ಇನ್ನೊಂದಿದೆ. ದಣಿದವನನ್ನು ಒಂದು ರಾತ್ರಿಯ ಮಟ್ಟಿಗೆ ಕೆಳಗಿನ ಲೀಗಿಗೆ ತಳ್ಳಿ, ಬೆಳಿಗ್ಗೆ ವಾಪಸು ಕರೆಸಿಕೊಂಡರೆ ಅವನು ಶೇಕಡಾ 100 ಆಗಿ ಬರುತ್ತಾನೆ. ತವರಿಗೆ ಹೋದ ಹೆಣ್ಣುಮಗಳು ಹೆರಳಿಗೆ ಎಣ್ಣೆ ಹಾಕಿಸಿಕೊಂಡು, ಹಪ್ಪಳದ ಡಬ್ಬಿ ಸಮೇತ ಕಳೆಕಳೆಯಾಗಿ ಮರಳುವಂತೆ. ಈ ಗುಟ್ಟು ಎಲ್ಲ ಮ್ಯಾನೇಜರುಗಳಿಗೂ ಗೊತ್ತು. ಹಾಗಾಗಿ ರಾತ್ರಿಯಾದರೆ ಮೇಲಿನ ಲೀಗಿನ ಅರ್ಧ ಜನ ಕೆಳಗಿನ ಲೀಗಿನಲ್ಲಿ ಬಿಡಾರ ಹೂಡಿರುತ್ತಾರೆ. ನಾನು ಅದನ್ನು ಮಾಡುವುದಿಲ್ಲ. ಮಾಡುವುದಿಲ್ಲ ಅನ್ನುವುದು ಪೂರ್ತಿ ನಿಜವಲ್ಲ. ಎರಡು ಸಲ ಮಾಡಿದ್ದೇನೆ.

ನನ್ನ ಉದ್ಯೋಗ ಸಾಫ್ಟ್‌ವೇರ್ ಪರೀಕ್ಷೆ, ಅಂದರೆ ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವುದು. ಆಟದವರಿಗೆ ಹನ್ನೊಂದು ದೋಷಗಳನ್ನು ಅಂಕಿಸಂಖ್ಯೆ ಸಮೇತ ಬರೆದು ಕಳಿಸಿದೆ, ಅದೂ ಪುಕ್ಕಟೆಯಾಗಿ. ನಾಲ್ಕು ದಿನ ಬಿಟ್ಟು ಉತ್ತರ ಬಂತು: ಇದು ದೋಷವಲ್ಲ, ಹೀಗೇ ಇರಬೇಕೆಂದು ಮಾಡಿದ್ದು. ಆಫೀಸಿನಲ್ಲಿ ದಿನಕ್ಕೆ ಮೂರು ಸಲ ಕೇಳುವ ಮಾತು. ಮನರಂಜನೆಗೆಂದು ಬಂದ ಕಡೆಯೂ ಕೇಳಿದಾಗ ಯಾಕೋ ಊರಿನ ನೆನಪಾಯಿತು.

ಊರು ಅಂದರೆ ಅಪ್ಪ. ಬೇಸಿಗೆಯಲ್ಲಿ ಐರ್ಲೆಂಡಿಗೂ ಭಾರತಕ್ಕೂ ನಾಲ್ಕೂವರೆ ಗಂಟೆ ಅಂತರ. ನನ್ನ ನಡುರಾತ್ರಿ ಅಪ್ಪನಿಗೆ ಬೆಳಗಿನ ಜಾವ ನಾಲ್ಕೂವರೆ. ದನಗಳಿಗೆ ಮೇವು ಹಾಕಿ, ಹೊಗೆಸೊಪ್ಪು ಬಾಯಿಗಿಟ್ಟುಕೊಂಡು ಫೋನು ಮಾಡುತ್ತಾರೆ. ಒಂದು ರಾತ್ರಿ ತಡೆಯಲಾರದೆ ಕೆಂಚನ ಕಥೆ ಹೇಳಿಬಿಟ್ಟೆ. ಬೈಯುತ್ತಾರೆಂದುಕೊಂಡಿದ್ದೆ. ಆದರೆ ಅವರು ಗಂಭೀರವಾಗಿ ಕೇಳಿಸಿಕೊಂಡು, "ಎಷ್ಟ್ ದಿನ ಆತು ಹೂಡಾಕ್ಹತ್ತಿ?" ಅಂದರು.

"ಒಂಬತ್ತು ದಿನ ಆತಪ್ಪ. ನಡುವ ಎರಡು ದಿನ ಆಟಾನ ಇರಲಿಲ್ಲ. ಆದ್ರ ಅದನ್ನ ಲೆಕ್ಕಕ್ಕ ಹಿಡಿಯಂಗಿಲ್ಲಂತ."

"ಯಾರವ್ ಲೆಕ್ಕ ಹಿಡಿಯಾಂವ? ಸೋಮಾರ ಎತ್ತಿನ ಹೆಗಲ ಮ್ಯಾಲೆ ನೊಗ ಇಡಂಗಿಲ್ಲೋ ತಮ್ಮಾ. ಬಸವಣ್ಣನ ದಿನ ಅದು. ಬಿತ್ತೋ ಹಂಗಾಮಿರಲಿ, ಮಳಿ ಮಾರಿ ಮ್ಯಾಲೆ ಬಂದಿರಲಿ, ಸೋಮಾರ ಅಂದ್ರ ಸೋಮಾರ. ಆ ಕೆಂಚನ್ನ ಕೊಟಿಗ್ಯಾಗ ಕಟ್ಟು."

ಶೇಕಡಾವಾರು ಲೆಕ್ಕವಿಲ್ಲದೆ, ಕೊರಳ ಗಂಟೆಯ ಸದ್ದಿನಲ್ಲೇ ಎತ್ತಿನ ದಣಿವು ಅಳೆಯುವವರು ಅಪ್ಪ. ಸಂಜೆ ಹೊಲದಿಂದ ಬರುವಾಗ ಗಂಟೆ ಒಂದೇ ಲಯದಲ್ಲಿ ಬಾರದೆ ತಡವರಿಸಿದರೆ, ಮರುದಿನ ಆ ಎತ್ತಿಗೆ ಹಿಂಡಿಯ ಜೊತೆ ಒಂದು ಹಿಡಿ ಹೆಚ್ಚು ಹುರುಳಿ. ನನ್ನ ಫೋನಿನಲ್ಲಿ ಅಂಥ ಗಂಟೆ ಇಲ್ಲ. ಕೆಂಪು ಬಣ್ಣದ ಒಂದು ಗೆರೆ ಇದೆ, ಅಷ್ಟೆ.

ಬೇಸ್‌ಬಾಲಿನ ಹಳೆಯ ಕಾಲದವರಿಗೆ ಆ ಗೆರೆಯೂ ಇರಲಿಲ್ಲ. ಪ್ರಾವಿಡೆನ್ಸ್ ತಂಡದ ಚಾರ್ಲ್ಸ್ ರ‍್ಯಾಡ್‌ಬೋರ್ನ್ 1884ರ ಒಂದೇ ವರ್ಷದಲ್ಲಿ 678 ಇನ್ನಿಂಗ್ಸ್ ಎಸೆದ. ಬೇಸ್‌ಬಾಲಿನಲ್ಲಿ ಒಂದು ಇನ್ನಿಂಗ್ಸ್ ಅಂದರೆ ಮೂರು ಔಟು, ಪಂದ್ಯಕ್ಕೆ ಒಂಬತ್ತು. ಈಗಿನವರು ವರ್ಷಕ್ಕೆ 200 ಮುಟ್ಟಿದರೆ ಶಹಬ್ಬಾಸ್ ಅನ್ನುತ್ತಾರೆ. ಬೆಳಿಗ್ಗೆ ತಲೆ ಬಾಚಲೂ ಅವನಿಗೆ ಕೈ ಏಳುತ್ತಿರಲಿಲ್ಲವೆಂಬ ಮಾತಿದೆ. ಜನ ಅವನನ್ನು ಕರೆಯುತ್ತಿದ್ದದ್ದು 'ಮುದಿ ಕುದುರೆ' ಅಂತ. ಎತ್ತು ಎಂದಾದರೂ ಕರೆದಿದ್ದರೆ ವಾರಕ್ಕೊಂದು ರಜೆಯಾದರೂ ಸಿಗುತ್ತಿತ್ತು. ಅದೇ ಕಾಲದಲ್ಲಿ ನಮ್ಮ ಐರ್ಲೆಂಡಿನ ಕಾರ್ಕ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಟೋನಿ ಮಲ್ಲೇನ್ ಇದಕ್ಕೊಂದು ಉಪಾಯ ಕಂಡುಕೊಂಡಿದ್ದ. ಬಲಗೈಯಲ್ಲೂ ಎಸೆಯುತ್ತಿದ್ದ, ಎಡಗೈಯಲ್ಲೂ ಎಸೆಯುತ್ತಿದ್ದ. ಒಟ್ಟು 284 ಪಂದ್ಯ ಗೆದ್ದ. ಜೋಡೆತ್ತನ್ನು ಒಂದೇ ಮೈಯಲ್ಲಿ ಕಟ್ಟಿಕೊಂಡ ಭೂಪ. ('ನಮ್ಮ ಐರ್ಲೆಂಡು' ಎಂದುಬಿಟ್ಟೆ, ನೋಡಿ. ಇಲ್ಲಿಗೆ ಬಂದು ಹನ್ನೊಂದು ವರ್ಷವಾಯಿತು.)

ಹಾಗೆಂದು ಇಲ್ಲಿ ಬೇಸ್‌ಬಾಲು ಫೋನಿನಲ್ಲಷ್ಟೇ ಇದೆ ಅಂದುಕೊಳ್ಳಬೇಡಿ. ನಮ್ಮ ಮನೆಯಿಂದ ತುಸು ದೂರದ ಕ್ಲೊಂಡಾಲ್ಕಿನ್‌ನ ಕೋರ್ಕಾ ಪಾರ್ಕಿನಲ್ಲಿ ನಿಜವಾದ ಮೈದಾನವೇ ಇದೆ. ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಒಡೆಯರಾಗಿದ್ದ ಪೀಟರ್ ಒಮ್ಯಾಲಿ ಕೊಟ್ಟ ಹಣದಲ್ಲಿ 1998ರಲ್ಲಿ ಆಗಿದ್ದು. ಅವರ ಹೆಸರೇ ಅದಕ್ಕಿದೆ. ಒಂದು ಭಾನುವಾರ ನೋಡಲು ಹೋದೆ. ಚೆಂಡೆಸೆಯುತ್ತಿದ್ದ ಹುಡುಗ ಐದನೇ ಇನ್ನಿಂಗ್ಸಿನಲ್ಲಿ ಭುಜ ತಿರುವಿಕೊಳ್ಳುತ್ತಾ ಮುಖ ಹಿಂಡಿದ. ಅವನ ತಲೆಯ ಮೇಲೆ ಯಾವ ಗೆರೆಯೂ ಕಾಣಲಿಲ್ಲ. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವವರು ಇವರೆಲ್ಲ. ಕೋಚು ಹತ್ತಿರ ಹೋಗಿ ಏನೋ ಕೇಳಿದ. ಹುಡುಗ ಇಲ್ಲವೆಂದು ತಲೆಯಾಡಿಸಿದ. ಕೋಚು ಅವನ ಮಾತು ನಂಬದೆ ಚೆಂಡು ಕಿತ್ತುಕೊಂಡ. ಅಪ್ಪ ಇದ್ದಿದ್ದರೆ ಆ ಕೋಚಿಗೆ ಒಂದು ಎಕರೆ ಬರೆದುಕೊಡುತ್ತಿದ್ದರು.

ವಿಶ್ರಾಂತಿಯ ವಿಷಯದಲ್ಲಿ ಈ ದೇಶ ಕಾನೂನನ್ನೇ ಮಾಡಿಟ್ಟಿದೆ. 1997ರ ಕೆಲಸದ ವೇಳೆಯ ಕಾಯ್ದೆಯ ಪ್ರಕಾರ ದಿನಕ್ಕೆ ಸತತ 11 ಗಂಟೆ ಬಿಡುವು, ವಾರಕ್ಕೆ ಸರಾಸರಿ 48 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ನಾಲ್ಕೂವರೆ ಗಂಟೆ ದುಡಿದರೆ 15 ನಿಮಿಷ ವಿರಾಮ. 2021ರಿಂದ, ಕೆಲಸ ಮುಗಿದ ಮೇಲೆ ಆಫೀಸಿನ ಮೇಲ್ ನೋಡದಿರುವುದೂ ಒಂದು ಹಕ್ಕು. ಆ ಹಕ್ಕನ್ನು ನಾನು ಚಾಚೂ ತಪ್ಪದೆ ಚಲಾಯಿಸುತ್ತೇನೆ. ಆರು ಗಂಟೆಗೆ ಲ್ಯಾಪ್‌ಟಾಪು ಮುಚ್ಚಿ, ಆರೂ ಐದಕ್ಕೆ ಕೆಂಚನ ಭುಜ ನೋಡಲು ಫೋನು ತೆಗೆಯುತ್ತೇನೆ.

ನಿಜವಾದ ವಿಶ್ರಾಂತಿಯ ಫಲವನ್ನು ನಾನು ಕಣ್ಣಾರೆ ಕಂಡದ್ದು ಕ್ರಿಕೆಟ್ಟಿನಲ್ಲಿ. 2023ರ ಆಗಸ್ಟ್ 18, ಶುಕ್ರವಾರ, ಡಬ್ಲಿನ್ನಿನ ಉತ್ತರದ ಮಾಲಹೈಡ್‌ನಲ್ಲಿ ಭಾರತ–ಐರ್ಲೆಂಡ್ ಟಿ20. ಬೆನ್ನಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಸುಮಾರು ಹನ್ನೊಂದು ತಿಂಗಳು ಆಡದೇ ಇದ್ದ ಬೂಮ್ರಾ ಅಂದು ನಾಯಕನಾಗಿ ಇಳಿದು, ಮೊದಲ ಓವರಿನಲ್ಲೇ ಎರಡು ವಿಕೆಟ್ ಕಿತ್ತರು. ಬೆನ್ನುನೋವಿನಿಂದಲೇ ಬಹುಕಾಲ ಹೊರಗಿದ್ದ ನಮ್ಮ ಪ್ರಸಿದ್ಧ ಕೃಷ್ಣ ಅದೇ ಪಂದ್ಯದಲ್ಲಿ ಮೊದಲ ಅಂತಾರಾಷ್ಟ್ರೀಯ ಟಿ20 ಆಡಿ ಇಬ್ಬರನ್ನು ಔಟ್ ಮಾಡಿದರು. ಕನ್ನಡದಲ್ಲಿ ಕೂಗಿ ಕೂಗಿ ನನ್ನ ಗಂಟಲು ಶೇಕಡಾ 20ಕ್ಕೆ ಇಳಿಯಿತು. ಆಮೇಲೆ ಮಳೆ. ಭಾರತ ಏಳನೇ ಓವರು ಮುಗಿಸುವ ಮೊದಲೇ ಆಟ ನಿಂತು, ಲೆಕ್ಕಾಚಾರದಲ್ಲಿ ಎರಡು ರನ್ನಿನ ಗೆಲುವು. ಎಲ್ಲರಿಗೂ ವಿಶ್ರಾಂತಿ ಕೊಡಿಸುವ ಹವಾಮಾನ ಐರ್ಲೆಂಡಿನದು.

ಅಪ್ಪನ ಮಾತಿನಂತೆ ನಾನೂ ಒಂದು ಸೋಮವಾರ ಇಡೀ ತಂಡವನ್ನು ಕೊಟ್ಟಿಗೆಗೆ ಕಟ್ಟಿದೆ. ಬೆಂಚಿನ ಹುಡುಗರೇ ಆಡಿದರು. ಗೆದ್ದೆ! ಎದುರಾಳಿಯ ಒಂಬತ್ತೂ ಜನ ಸುಸ್ತಾಗಿದ್ದರು, ಪಾಪ. ಮುಂದಿನ ಸೋಮವಾರ 17–0ಯಿಂದ ಸೋತೆ. ಅದರ ಮುಂದಿನ ಸೋಮವಾರ, ತಂಡವನ್ನು ಬೇಕೆಂದೇ ಸೋಲಿಸುತ್ತಿದ್ದೀರಿ ಎಂದು ಆಟವೇ ಎಚ್ಚರಿಕೆಯ ಸಂದೇಶ ಕಳಿಸಿತು. ಬಸವಣ್ಣನ ದಿನ ಎಂದು ಅದಕ್ಕೆ ಯಾರು ತಿಳಿಹೇಳಬೇಕು?

ಇದೆಲ್ಲ ನಡೆಯುತ್ತಿದ್ದಾಗ ಹೆಂಡತಿ ಸತತ ಮೂರು ದಿನದ ಡ್ಯೂಟಿ ಮುಗಿಸಿ ಬಂದಳು. ಅವಳು ನರ್ಸು, ದಿನಕ್ಕೆ ಹನ್ನೆರಡೂವರೆ ಗಂಟೆ, ಅದರ ಮೇಲೆ ಬಸ್ಸು. ಭಾನುವಾರ ರಾತ್ರಿ. ಶೂ ಕೂಡ ಬಿಚ್ಚದೆ ಸೋಫಾದ ಮೇಲೆ ಒರಗಿ ಕಣ್ಣು ಮುಚ್ಚಿದ್ದಳು. ನಿದ್ದೆ ಬಂದಿರಬೇಕೆಂದು ನಾನು ಬೆಕ್ಕಿನ ಹೆಜ್ಜೆಯಲ್ಲಿ ಮೆಟ್ಟಿಲ ಕಡೆ ಹೊರಟೆ.

"ರೀ."

ನಿಂತೆ.

"ನಿಮ್ಮ ಆ ಲೆಕ್ಕದಲ್ಲಿ ನಂದು ಈಗ ಎಷ್ಟಿರ್ಬೋದು?"

ಇಪ್ಪತ್ತೆಂದರೆ, ಗೊತ್ತಿದ್ದೂ ಸುಮ್ಮನಿದ್ದಿರಾ ಎಂಬ ಪ್ರಶ್ನೆ ಬರುತ್ತದೆ. ತೊಂಬತ್ತೆಂದರೆ ಮದುವೆಯೇ ಬೆಂಚಿನ ಮೇಲೆ. "ಒಂದು... ನಲವತ್ತು?" ಅಂದೆ.

"ನಲವತ್ತಿದ್ರೆ ಇಳಿಸ್ತೀರೋ, ಕೂರಿಸ್ತೀರೋ?"

"ಕೂರಿಸ್ತೀನಿ."

"ಹಾಗಾದ್ರೆ ಚಿತ್ರಾನ್ನ ಮಾಡಿ. ನಿಂಬೆಹಣ್ಣು ಫ್ರಿಜ್ಜಿನ ಕೆಳಗಡೆ ಇದೆ. ಶೇಂಗಾ ಸೀಯಿಸಬೇಡಿ."

ಶೇಂಗಾ ಸೀದಿತು. ಆದರೂ ತಿಂದಳು, ಒಂದು ಮಾತೂ ಆಡದೆ ಎರಡನೇ ಸಲ ಹಾಕಿಸಿಕೊಂಡಳು. ಆಮೇಲೆ ಮಹಡಿಗೆ ಹೋಗಿ ಮಲಗಿದಳು. ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ತಳ ಹಿಡಿದ ಬಾಣಲೆಯನ್ನು ನೀರಲ್ಲಿ ನೆನೆಸಿಟ್ಟು ಉಜ್ಜುತ್ತಿದ್ದೆ, ಮೊಳಕೈವರೆಗೂ ನೊರೆ. ಕೆಂಚನ ಪಟ್ಟಿ ಬರೆಯದೆ ಹಾಗೇ ಉಳಿದಿತ್ತು. ಫೋನು ಬಡಿದುಕೊಂಡಿತು, ಮೂಗಿನ ತುದಿಯಿಂದ ಒತ್ತಿ ಸ್ಪೀಕರಿಗೆ ಹಾಕಿದೆ.

"ಕೆಂಚ ಹೆಂಗದಾನೋ?" ಅಪ್ಪ.

"ಗೊತ್ತಿಲ್ಲಪ್ಪ. ಭಾಂಡೆ ತಿಕ್ಕಾಕ್ಹತ್ತೇನಿ."

ಆ ಕಡೆ ತುಸು ಹೊತ್ತು ಮಾತಿಲ್ಲ. ಎತ್ತೊಂದು ಕತ್ತು ಕೊಡವಿದ ಗಂಟೆಯ ಸದ್ದು ಕೇಳಿಸಿತು.

"ಇವತ್ತ ಸೋಮಾರ ಅಲ್ಲೇನೋ?" ಅಂದರು, ಸ್ವಲ್ಪ ಮರುಕದ ದನಿಯಲ್ಲೇ.

"ನಿಮ್ಮಲ್ಲಿ ಸೋಮಾರ. ಇಲ್ಲಿ ಸೋಮಾರ ಆಗಾಕ ಇನ್ನೂ ಹತ್ತು ನಿಮಿಷ ಐತಿ."

"ಹಂಗಾರ ಲಗೂನ ತಿಕ್ಕು."